ಚೂರಾಗುವ ಕಾಡು: ಕಾಮಗೆರೆಯ ಸುತ್ತಲಿನ ಒಂದು ಪಾಠ

ನೀವು ಕೊಳ್ಳೇಗಾಲದಲ್ಲಿ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿದ್ದೀರಿ ಎಂದುಕೊಳ್ಳಿ. ಹನೂರು ತಲಪುವ ಮೊದಲೇ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿ ಇಳಿದು ಸುತ್ತ ನೋಡಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಅದರ ತಪ್ಪಲಿನಲ್ಲಿ ಗುಂಡಾಲ್ ಜಲಾಶಯ. ಇನ್ನೊಂದು ಕಡೆ, ಹನೂರಿನ ಆಚೆಗೆ, ಮಲೆ ಮಹದೇಶ್ವರ ಬೆಟ್ಟ ಮತ್ತು ಕಾವೇರಿ ಕಣಿವೆಯ ಕಾಡು. ಇವೆರಡರ ನಡುವೆ ರಾಗಿ, ಮುಸುಕಿನ ಜೋಳ, ಅರಿಸಿನದ ಹೊಲಗಳು, ತೆಂಗಿನ ತೋಟಗಳು, ಊರುಗಳು, ರಸ್ತೆಗಳು.

ಈಗ ಒಂದು ಪ್ರಶ್ನೆ. ಈ ಎರಡು ಕಾಡುಗಳು ಒಂದೇ ಕಾಡೋ, ಎರಡು ಬೇರೆ ಬೇರೆ ಕಾಡುಗಳೋ? ಚಾಮರಾಜನಗರ ಜಿಲ್ಲೆಯ ನಕ್ಷೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಭಾಗ ಹಸಿರಾಗಿ ಕಾಣುತ್ತದೆ. ನಕ್ಷೆ ನೋಡಿದವರು 'ಕಾಡು ಬೇಕಾದಷ್ಟಿದೆ' ಎಂದುಕೊಳ್ಳುವುದು ಸಹಜ. ಆದರೆ ಕಾಡು ಎಷ್ಟಿದೆ ಎಂಬುದು ಅರ್ಧ ಪ್ರಶ್ನೆ ಮಾತ್ರ. ಅದು ಹೇಗೆ ಹರಡಿಕೊಂಡಿದೆ, ಅದರ ತುಂಡುಗಳ ನಡುವೆ ಸಂಪರ್ಕ ಉಳಿದಿದೆಯೇ ಎಂಬುದು ಉಳಿದರ್ಧ. ಈ ಉಳಿದರ್ಧವನ್ನು ಅರ್ಥ ಮಾಡಿಕೊಳ್ಳಲು ಪರಿಸರ ವಿಜ್ಞಾನಿಗಳು ಬಳಸುವ ಪರಿಕಲ್ಪನೆಯೇ ತುಣುಕೀಕರಣ.

ಭೂಬಳಕೆ ಬದಲಾದಾಗ

ನೆಲದ ಮೇಲೆ ಏನು ಕಾಣುತ್ತದೆಯೋ ಅದು ಭೂಹೊದಿಕೆ: ಮರ, ಹುಲ್ಲು, ನೀರು, ಬಂಡೆ. ಆ ನೆಲವನ್ನು ಮನುಷ್ಯ ಯಾವುದಕ್ಕಾಗಿ ಉಪಯೋಗಿಸುತ್ತಾನೋ ಅದು ಭೂಬಳಕೆ: ಬೇಸಾಯ, ವಸತಿ, ಗಣಿ, ರಸ್ತೆ. ನೀಲಗಿರಿ ನೆಡುತೋಪಿನ ಹೊದಿಕೆ ಮರಗಳೇ ಆದರೂ ಅದರ ಬಳಕೆ ಕಾಡಿನದಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಮುಖ್ಯ.

ಕಾಮಗೆರೆಯ ಸುತ್ತಲಿನ ಪ್ರದೇಶವನ್ನೇ ತೆಗೆದುಕೊಳ್ಳಿ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯ ಸಂದರ್ಭದಲ್ಲಿ ಅದು ಮೈಸೂರಿಗೆ ಬಂತು. ಅನಂತರದ ದಶಕಗಳಲ್ಲಿ ಬೆಟ್ಟದಿಂದಿಳಿಯುವ ಹಳ್ಳಗಳಿಗೆ ಅಣೆಕಟ್ಟುಗಳಾದವು; ಗುಂಡಾಲ್ ಅವುಗಳಲ್ಲೊಂದು. ನೀರು ಬಂದಲ್ಲಿ ಬೇಸಾಯ ಬೆಳೆಯಿತು. 1970ರ ದಶಕದಲ್ಲಿ ಒಡೆಯರಪಾಳ್ಯದ ಬಳಿ ಟಿಬೆಟ್ ನಿರಾಶ್ರಿತರಿಗೆ ಸುಮಾರು 3000 ಎಕರೆಯಲ್ಲಿ ನೆಲೆ ಒದಗಿತು. ಕರಿಕಲ್ಲಿನ ಗಣಿಗಳು ತೆರೆದುಕೊಂಡವು. ರಸ್ತೆಗಳು ಅಗಲವಾದವು. ಯಾತ್ರಿಕರು ಹೆಚ್ಚಿದರು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಯಿತು.

ಇವುಗಳಲ್ಲಿ ಒಂದೊಂದನ್ನೂ ಬೇರೆಯಾಗಿ ನೋಡಿದರೆ ಅದಕ್ಕೊಂದು ನ್ಯಾಯವಾದ ಕಾರಣವಿದೆ. ಮನೆ ಮಠ ಕಳೆದುಕೊಂಡವರಿಗೆ ನೆಲೆ ಬೇಕು, ಹೊಲಕ್ಕೆ ನೀರು ಬೇಕು, ಊರಿಗೆ ರಸ್ತೆ ಬೇಕು. ಕಾಡನ್ನು ತುಂಡು ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಆದರೆ ಪ್ರಕೃತಿ ಈ ಕಾರ್ಯಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ಒಟ್ಟು ಕೂಡುತ್ತದೆ.

ಐದು ಹಂತಗಳು

ಕಾಡು ಚೂರಾಗುವ ಕ್ರಮವನ್ನು ಭೂದೃಶ್ಯ ಪರಿಸರ ವಿಜ್ಞಾನಿ ರಿಚರ್ಡ್ ಫಾರ್ಮನ್ ಐದು ಪ್ರಕ್ರಿಯೆಗಳಾಗಿ ವಿಂಗಡಿಸಿದ್ದಾರೆ. ಇವನ್ನು ಒಂದು ಚಪಾತಿಯ ಹೋಲಿಕೆಯಿಂದ ತಿಳಿಯಬಹುದು.

ಮೊದಲನೆಯದು ತೂತು ಬೀಳುವುದು. ಚಪಾತಿಯ ನಡುವೆ ಬೆರಳಿನಿಂದ ತೂತು ಮಾಡಿದಂತೆ ಕಾಡಿನೊಳಗೆ ಒಂದು ಊರು, ಒಂದು ಗಣಿ, ಒಂದು ಹೊಲ ಹುಟ್ಟುತ್ತದೆ. ಮಹದೇಶ್ವರ ಬೆಟ್ಟದ ಕಾಡಿನೊಳಗಿರುವ ಹಳ್ಳಿಗಳು ಇಂಥ ತೂತುಗಳು. ಎರಡನೆಯದು ಸೀಳುವುದು. ರಸ್ತೆ, ನಾಲೆ, ವಿದ್ಯುತ್ ತಂತಿಯ ಮಾರ್ಗ ಕಾಡನ್ನು ಗೆರೆ ಎಳೆದಂತೆ ಸೀಳುತ್ತವೆ. ಮೂರನೆಯದು ತುಂಡಾಗುವುದು. ಸೀಳಿನ ಇಕ್ಕೆಲಗಳಲ್ಲಿ ಹೊಲ, ಮನೆ, ಅಂಗಡಿಗಳು ಬೆಳೆದು ಗೆರೆ ಪಟ್ಟಿಯಾಗುತ್ತದೆ, ಕಾಡು ಎರಡಾಗುತ್ತದೆ. ನಾಲ್ಕನೆಯದು ಕುಗ್ಗುವುದು. ತುಂಡುಗಳು ಅಂಚಿನಿಂದ ಒಳಕ್ಕೆ ಸವೆಯುತ್ತವೆ. ಐದನೆಯದು ಅಳಿಯುವುದು. ಸಣ್ಣ ತುಂಡುಗಳು ಒಂದೊಂದಾಗಿ ಇಲ್ಲವಾಗುತ್ತವೆ.

ಒಂದೇ ಜಿಲ್ಲೆಯಲ್ಲಿ ಈ ಹಂತಗಳನ್ನು ಒಟ್ಟಿಗೇ ಕಾಣಬಹುದು. ಬೆಟ್ಟದ ಮೇಲೆ ತೂತುಗಳಿದ್ದರೆ ತಪ್ಪಲಿನಲ್ಲಿ ಸೀಳುಗಳಿರುತ್ತವೆ. ಬಯಲಿನಲ್ಲಿ ಒಂದು ಕಾಲದ ಕಾಡಿನ ಗುರುತಾಗಿ ಒಂದು ಕುರುಚಲು ಗುಡ್ಡ ಮಾತ್ರ ಉಳಿದಿರುತ್ತದೆ. ಮೊದಲ ಎರಡು ಹಂತಗಳಲ್ಲಿ ಕಾಡಿನ ವಿಸ್ತೀರ್ಣ ಹೆಚ್ಚೇನೂ ಕಡಿಮೆಯಾಗುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದಲೇ ಅಂಕಿ ಅಂಶಗಳಲ್ಲಿ ಅವು ಕಾಣಿಸುವುದಿಲ್ಲ.

ಅಂಚಿನ ಲೆಕ್ಕ

ಇದನ್ನು ಒಂದು ಸುಲಭ ಲೆಕ್ಕದಿಂದ ಪರೀಕ್ಷಿಸೋಣ. 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಚೌಕಾಕಾರದ ಕಾಡಿದೆ. ವಿಸ್ತೀರ್ಣ 100 ಚದರ ಕಿ.ಮೀ., ಸುತ್ತಳತೆ 40 ಕಿ.ಮೀ. ಹೊರಗಿನ ಬಿಸಿಲು, ಗಾಳಿ, ದನಕರು, ಬೆಂಕಿ, ಸದ್ದು ಇವುಗಳ ಪ್ರಭಾವ ಅಂಚಿನಿಂದ 500 ಮೀಟರು ಒಳಗಿನವರೆಗೆ ಇರುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಆಗ ಪ್ರಭಾವಕ್ಕೆ ಸಿಗದ ಒಳಗಾಡು 9 x 9, ಅಂದರೆ 81 ಚದರ ಕಿ.ಮೀ.

ಈಗ ನಟ್ಟ ನಡುವೆ ಒಂದು ರಸ್ತೆ ಹಾಯುತ್ತದೆ. ರಸ್ತೆಗೆ ಹೋದ ನೆಲ ಅತ್ಯಲ್ಪ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. 10 x 5ರ ಎರಡು ತುಂಡುಗಳಾದವು. ಒಂದೊಂದರ ಒಳಗಾಡು 9 x 4 = 36; ಒಟ್ಟು 72. ಇದೇ ಕಾಡು 2 ಕಿ.ಮೀ. ಬಾಹುವಿನ 25 ತುಂಡುಗಳಾದರೆ? ಒಂದೊಂದರಲ್ಲೂ 1 ಚದರ ಕಿ.ಮೀ. ಒಳಗಾಡು, ಒಟ್ಟು 25. ಕೊನೆಗೆ 1 ಕಿ.ಮೀ. ಬಾಹುವಿನ 100 ತುಂಡುಗಳಾದರೆ ಒಳಗಾಡು ಸೊನ್ನೆ. ಕಾಡಿನ ವಿಸ್ತೀರ್ಣ ಈಗಲೂ 100 ಚದರ ಕಿ.ಮೀ. ಎಂದೇ ದಾಖಲೆಯಲ್ಲಿರುತ್ತದೆ. ಆದರೆ ಅಂಚು 40 ಕಿ.ಮೀ.ನಿಂದ 400 ಕಿ.ಮೀ.ಗೆ ಏರಿದೆ. ಕಾಡೆಂಬುದು ಬರಿಯ ಅಂಚಾಗಿ ಉಳಿದಿದೆ.

ಜಗತ್ತಿನ ಮಟ್ಟದಲ್ಲಿ ಪರಿಸ್ಥಿತಿ ಹೇಗಿದೆ? 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಭೂಮಿಯ ಮೇಲೆ ಉಳಿದಿರುವ ಕಾಡಿನ ಶೇಕಡ 70ರಷ್ಟು ಭಾಗ ಅಂಚಿನಿಂದ 1 ಕಿ.ಮೀ. ಒಳಗೇ ಇದೆ.

ಅಂಚಿನಲ್ಲಿ ಏನಾಗುತ್ತದೆ?

ಬ್ರೆಜಿಲ್ ದೇಶದ ಮನೌಸ್ ಬಳಿ 1979ರಲ್ಲಿ ಥಾಮಸ್ ಲವ್‌ಜಾಯ್ ಎಂಬ ವಿಜ್ಞಾನಿ ಒಂದು ದೊಡ್ಡ ಪ್ರಯೋಗ ಆರಂಭಿಸಿದರು. ಅಮೆಜಾನ್ ಕಾಡನ್ನು ಕಡಿದು ಹುಲ್ಲುಗಾವಲು ಮಾಡುತ್ತಿದ್ದ ಜಾಗದಲ್ಲಿ 1, 10 ಮತ್ತು 100 ಹೆಕ್ಟೇರಿನ ತುಂಡುಗಳನ್ನು ಹಾಗೆಯೇ ಉಳಿಸಿ, ವರ್ಷ ವರ್ಷವೂ ಅಳೆಯುತ್ತ ಬಂದರು. ಅಂಚಿನ ಬಳಿ ಗಾಳಿ ಒಣಗಿತು, ಉಷ್ಣತೆ ಏರಿತು, ದೊಡ್ಡ ಮರಗಳು ಬೇಗ ಸತ್ತವು. 100 ಹೆಕ್ಟೇರಿನ ತುಂಡುಗಳು ಕೂಡ ಹದಿನೈದು ವರ್ಷ ಕಳೆಯುವುದರೊಳಗೆ ಮರದಡಿಯಲ್ಲಿ ಬದುಕುವ ಹಕ್ಕಿಗಳ ಪ್ರಭೇದಗಳಲ್ಲಿ ಅರ್ಧದಷ್ಟನ್ನು ಕಳೆದುಕೊಂಡವು. ಕಾಡು ತುಂಡಾದ ದಿನವೇ ಅವು ಹೋಗಲಿಲ್ಲ, ಮೆಲ್ಲಗೆ ಹೋದವು. ಈ ಬಾಕಿ ಉಳಿದ ನಷ್ಟವನ್ನು ವಿಜ್ಞಾನಿಗಳು 'ಅಳಿವಿನ ಸಾಲ' ಎನ್ನುತ್ತಾರೆ. ಸಾಲ ಮಾಡಿದವರು ಒಬ್ಬರು, ತೀರಿಸುವವರು ಮುಂದಿನ ತಲೆಮಾರಿನವರು.

ನಮ್ಮ ಒಣ ಎಲೆಯುದುರುವ ಕಾಡುಗಳು ಅಮೆಜಾನಿನಂತಲ್ಲ. ಇಲ್ಲಿನ ಅಂಚಿನ ಲಕ್ಷಣಗಳು ಬೇರೆ. ಅವುಗಳಲ್ಲಿ ಎರಡನ್ನು ನೋಡೋಣ.

ಒಂದು, ಲಂಟಾನ. ದಕ್ಷಿಣ ಅಮೆರಿಕ ಮೂಲದ ಈ ಪೊದೆಗೆ ಬೆಳಕು ಬೇಕು. ರಸ್ತೆಯ ಬದಿ, ಕಡಿದ ಜಾಗ, ಕಾಡಿನ ಅಂಚು ಅದಕ್ಕೆ ಪ್ರವೇಶದ್ವಾರ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ 1997ರಲ್ಲಿ ಶೇಕಡ 41ರಷ್ಟು ಅಧ್ಯಯನ ತಾಕುಗಳಲ್ಲಿ ಲಂಟಾನ ಕಂಡುಬಂದಿತ್ತು. 2008ರಲ್ಲಿ ಅದು ಶೇಕಡ 81ಕ್ಕೆ ಏರಿತ್ತು. ಅಂಚು ಮಾತ್ರ ಇದಕ್ಕೆ ಕಾರಣವಲ್ಲ. ಹಿಂದೆ ವರ್ಷದ ಆರಂಭದಲ್ಲಿ ತಾವು ಹಾಕುತ್ತಿದ್ದ ಹಗುರವಾದ 'ತರಗು ಬೆಂಕಿ' ನಿಂತಿದ್ದೂ ಲಂಟಾನ ಹಬ್ಬಲು ಕಾರಣ ಎಂದು ಅಲ್ಲಿನ ಸೋಲಿಗರು ಹೇಳುತ್ತಾರೆ. ಒಂದು ಫಲಿತಾಂಶಕ್ಕೆ ಹಲವು ಕಾರಣಗಳಿರಬಹುದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಎರಡು, ಆನೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಇದೇ ಸೀಮೆಯಲ್ಲಿ ಆನೆಗಳ ಅಧ್ಯಯನ ನಡೆಸಿದರು. ಆನೆ ರಾಗಿ ಹೊಲಕ್ಕೆ ಏಕೆ ಬರುತ್ತದೆ ಎಂಬುದಕ್ಕೆ ಅವರಿಗೆ ಸಿಕ್ಕ ಉತ್ತರ ಸರಳ. ಕಾಡಿನ ಹುಲ್ಲಿಗಿಂತ ರಾಗಿಯಂಥ ಬೆಳೆಯಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಗಂಡಾನೆಗಳು ಹೆಣ್ಣಾನೆ ಗುಂಪುಗಳಿಗಿಂತ ಬಹಳ ಹೆಚ್ಚು ಸಲ ಬೆಳೆಗೆ ನುಗ್ಗುತ್ತವೆ ಎಂದೂ ಅವರು ತೋರಿಸಿದರು. ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಅಂಚು ಹತ್ತು ಪಟ್ಟು ಉದ್ದವಾದರೆ ಆನೆಯೂ ರಾಗಿಯೂ ಎದುರಾಗುವ ಜಾಗವೂ ಹತ್ತು ಪಟ್ಟು ಉದ್ದವಾಯಿತು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾಯುವ ರೈತನಿಗೆ ತುಣುಕೀಕರಣವೆಂದರೆ ಪುಸ್ತಕದ ಪದವಲ್ಲ, ನಿದ್ದೆಯಿಲ್ಲದ ರಾತ್ರಿ.

ಕಾಡು ಮತ್ತು ಜನವಸತಿ ಒಂದನ್ನೊಂದು ತಾಕುವಲ್ಲಿ ನಷ್ಟ ಎರಡೂ ಕಡೆ ಆಗುತ್ತದೆ. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಅವು ತಿಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು.

ಎರಡು ಕಾಡುಗಳ ನಡುವಣ ಕುತ್ತಿಗೆ

ಈಗ ಮೊದಲ ಪ್ರಶ್ನೆಗೆ ಬರೋಣ. ಕಾಮಗೆರೆಯಿಂದ ಕಾಣುವ ಈ ಎರಡು ಕಾಡುಗಳು ಒಂದೋ ಎರಡೋ?

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 575 ಚದರ ಕಿ.ಮೀ. ಪೂರ್ವದ ಕಡೆ ಕಾವೇರಿ ವನ್ಯಧಾಮ 1987ರಲ್ಲೂ, ಸುಮಾರು 906 ಚದರ ಕಿ.ಮೀ.ನ ಮಲೆ ಮಹದೇಶ್ವರ ವನ್ಯಧಾಮ 2013ರಲ್ಲೂ ಘೋಷಣೆಯಾದವು. ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲ ಹುಲಿ ಮೀಸಲು ಪ್ರದೇಶವಿದೆ. ಬಿಳಿಗಿರಿರಂಗನ ಬೆಟ್ಟವನ್ನು ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವಣ ಸೇತುವೆ ಎಂದು ಕರೆಯುವುದುಂಟು.

ಅಂಕಿಗಳು ದೊಡ್ಡವಾಗಿ ಕಂಡರೂ ಆನೆಯ ಅಳತೆಯಲ್ಲಿ ಅವು ದೊಡ್ಡವಲ್ಲ. ನೀಲಗಿರಿ ಸುತ್ತಿನಲ್ಲಿ ಆನೆಗಳಿಗೆ ರೇಡಿಯೋ ಪಟ್ಟಿ ತೊಡಿಸಿ ನಡೆಸಿದ ಅಧ್ಯಯನಗಳಲ್ಲಿ ಒಂದು ಹೆಣ್ಣಾನೆ ಗುಂಪು 500 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶದಲ್ಲಿ ಓಡಾಡುವುದು ಕಂಡುಬಂದಿದೆ. ಎಂದರೆ ಇಡೀ ಬಿಳಿಗಿರಿರಂಗನ ಬೆಟ್ಟ ಆನೆಗಳ ಒಂದು ಗುಂಪು ಓಡಾಡುವಷ್ಟು ಜಾಗ. ಹಲವು ಗುಂಪುಗಳು ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ನಿಜ. ಆದರೆ ಮಳೆ, ಮೇವು, ನೀರು ಬದಲಾದಂತೆ ಆಚೆಗೆ ಹೋಗುವ ದಾರಿ ತೆರೆದಿರಬೇಕು.

ಆ ದಾರಿಗಳಲ್ಲೊಂದು ಎಡೆಯಾರಳ್ಳಿ–ದೊಡ್ಡಸಂಪಿಗೆ ಕಾರಿಡಾರ್. ಇದು ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಸೇರಿಸುವ ಇಕ್ಕಟ್ಟಾದ ಕುತ್ತಿಗೆ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2005ರಲ್ಲಿ ಪಟ್ಟಿ ಮಾಡಿದ ದೇಶದ 88 ಆನೆ ಕಾರಿಡಾರ್‌ಗಳಲ್ಲಿ ಇದೂ ಒಂದು. ಈ ಕುತ್ತಿಗೆಯಲ್ಲಿ ಖಾಸಗಿ ಹೊಲಗಳಿದ್ದವು. ಅದೇ ಸಂಸ್ಥೆ 2000ರ ದಶಕದಲ್ಲಿ ಅಲ್ಲಿನ ಸುಮಾರು 25 ಎಕರೆ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು.

25 ಎಕರೆ ಎಂದರೆ ಎಷ್ಟು? ಒಂದು ಚದರ ಕಿ.ಮೀ. ಸುಮಾರು 247 ಎಕರೆ. ಆದ್ದರಿಂದ ಇದು ಒಂದು ಚದರ ಕಿ.ಮೀ.ನ ಹತ್ತನೆಯ ಒಂದು ಭಾಗ ಮಾತ್ರ. 575 ಮತ್ತು 906ರ ಮುಂದೆ ಅದು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಆದರೂ ಬೆಟ್ಟದ ತುದಿಯಲ್ಲಿ ಬೇರೆ 25 ಎಕರೆ ಸೇರಿಸಿದ್ದರೆ ಇಷ್ಟು ಪ್ರಯೋಜನವಾಗುತ್ತಿರಲಿಲ್ಲ. ಕೊಳವೆಯ ನಡುವಣ ಕವಾಟ ಚಿಕ್ಕದಾದರೂ ನೀರು ಹರಿಯುವುದೂ ನಿಲ್ಲುವುದೂ ಅದರಿಂದಲೇ ಅಲ್ಲವೇ? ಕಾಡಿನ ಒಂದು ತುಂಡಿನ ಬೆಲೆ ಅದರ ಗಾತ್ರದಿಂದ ಮಾತ್ರವಲ್ಲ, ಅದು ಎಲ್ಲಿದೆ ಎಂಬುದರಿಂದಲೂ ನಿರ್ಧಾರವಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಕುತ್ತಿಗೆಯಲ್ಲಿ ಒಂದು ಹೋಟೆಲು, ಒಂದು ಕಲ್ಲಿನ ಗಣಿ, ತಪ್ಪಾದ ಜಾಗದಲ್ಲಿ ತೋಡಿದ ಒಂದು ಆನೆಕಂದಕ ಸಾಕು, ದಾರಿ ಮುಚ್ಚಿಹೋಗುತ್ತದೆ. ದಾರಿ ಮುಚ್ಚಿದರೆ ಆನೆ ನಡೆಯುವುದನ್ನು ನಿಲ್ಲಿಸುವುದಿಲ್ಲ. ಪಕ್ಕದ ಹೊಲದಲ್ಲಿ ನಡೆಯುತ್ತದೆ.

ಉಪಗ್ರಹದ ಕಣ್ಣು

ಕಾಲಕಾಲಕ್ಕೆ ಆಗುವ ಇಂಥ ಬದಲಾವಣೆಯನ್ನು ಅಳೆಯುವುದು ಹೇಗೆ? ಹಳೆಯ ಸ್ಥಳಾಕೃತಿ ನಕ್ಷೆಗಳು ಒಂದು ಆಧಾರ. 1972ರಲ್ಲಿ ಹಾರಿದ ಮೊದಲ ಲ್ಯಾಂಡ್‌ಸ್ಯಾಟ್ ಮತ್ತು 1988ರಲ್ಲಿ ನಮ್ಮ ದೇಶ ಕಳುಹಿಸಿದ ಐ.ಆರ್.ಎಸ್.-1ಎ ದೂರಸಂವೇದಿ ಉಪಗ್ರಹಗಳ ನಂತರ ಬಿಂಬಗಳು ನಿಯತವಾಗಿ ಸಿಗುತ್ತಿವೆ. ಎರಡು ಬೇರೆ ವರ್ಷಗಳ ಬಿಂಬಗಳನ್ನು ತೆಗೆದುಕೊಂಡು ಒಂದೊಂದು ಚುಕ್ಕೆಯನ್ನೂ ಕಾಡು, ಹೊಲ, ನೀರು ಎಂದು ವಿಂಗಡಿಸುತ್ತಾರೆ. ಆಮೇಲೆ ಗಣಕಯಂತ್ರದಲ್ಲಿ ಕಾಡಿನ ತುಂಡುಗಳ ಸಂಖ್ಯೆ, ಸರಾಸರಿ ಗಾತ್ರ, ಅತಿ ದೊಡ್ಡ ತುಂಡು, ಒಟ್ಟು ಅಂಚಿನ ಉದ್ದ, ಒಳಗಾಡಿನ ವಿಸ್ತೀರ್ಣ ಇವನ್ನು ಎಣಿಸಿ ಹೋಲಿಸುತ್ತಾರೆ.

ಇಲ್ಲಿ ಎಚ್ಚರಿಕೆಗಳೂ ಬೇಕು. ಮಾರ್ಚ್ ತಿಂಗಳಲ್ಲಿ ಎಲೆಯುದುರಿಸಿ ನಿಂತ ಕಾಡು ಬಿಂಬದಲ್ಲಿ ಬಯಲಿನಂತೆ ಕಾಣಬಹುದು. ಅದನ್ನು ನವೆಂಬರಿನ ಬಿಂಬದೊಡನೆ ಹೋಲಿಸಿದರೆ ಕಾಡು ನಾಶವಾಯಿತು ಎಂಬ ತಪ್ಪು ತೀರ್ಮಾನ ಬರುತ್ತದೆ. ಹಾಗಾಗಿ ಒಂದೇ ಋತುವಿನ ಬಿಂಬಗಳನ್ನೇ ಹೋಲಿಸಬೇಕು. ಲಂಟಾನ ತುಂಬಿದ ಕಾಡೂ ಮೇಲಿನಿಂದ ಹಸಿರೇ. ಚುಕ್ಕೆಯ ಬಾಹು 23.5 ಮೀಟರು ಇರುವ ಬಿಂಬದಲ್ಲಿ 7 ಮೀಟರು ಅಗಲದ ರಸ್ತೆ ಕಾಣದೇ ಹೋಗಬಹುದು. ಆಗ ಸೀಳಿದ ಕಾಡೂ ಅಖಂಡವಾಗಿ ಎಣಿಕೆಯಾಗುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯ ವರದಿಗಳಲ್ಲಿ 1 ಹೆಕ್ಟೇರು ಅಥವಾ ಹೆಚ್ಚು ಜಾಗದಲ್ಲಿ ಶೇಕಡ 10 ಅಥವಾ ಹೆಚ್ಚು ಮರದ ನೆರಳಿದ್ದರೆ, ಅದು ಯಾರದೇ ಆಗಿರಲಿ, ಅರಣ್ಯ ಹೊದಿಕೆಗೆ ಸೇರುತ್ತದೆ. ಹೀಗಾಗಿ ತೋಟಗಳೂ ಅದರಲ್ಲಿ ಬರಬಹುದು. ಅಂಕಿ ಸುಳ್ಳಲ್ಲ, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ನಾವು ತಿಳಿದಿರಬೇಕು.

ತರಗತಿಯಲ್ಲಿ ಮಾಡಿ ನೋಡಿ

ಉಪಾಧ್ಯಾಯರು ಇದನ್ನು ಒಂದು ಗ್ರಾಫ್ ಹಾಳೆಯಲ್ಲಿ ಮಾಡಿಸಬಹುದು. 10 x 10ರ ನೂರು ಚೌಕಗಳನ್ನು ಬರೆದು 00ರಿಂದ 99ರವರೆಗೆ ಸಂಖ್ಯೆ ಕೊಡಿ. ಎಲ್ಲವೂ ಕಾಡು. ಎಂಟು ದಿಕ್ಕಿನಲ್ಲೂ ಕಾಡೇ ಇರುವ ಚೌಕ ಒಳಗಾಡು ಎಂದಿಟ್ಟುಕೊಂಡರೆ, ಆರಂಭದಲ್ಲಿ ಒಳಗಾಡು 64 ಚೌಕಗಳು.

ಮೊದಲು ಮಧ್ಯದ ಒಂದೇ ಒಂದು ಚೌಕಕ್ಕೆ ಕಪ್ಪು ಹಚ್ಚಿ. ಹೋದ ಕಾಡು ನೂರರಲ್ಲಿ ಒಂದು. ಒಳಗಾಡು ಮಾತ್ರ 64ರಿಂದ 55ಕ್ಕೆ ಇಳಿಯುತ್ತದೆ. ಇದು ತೂತಿನ ಪರಿಣಾಮ.

ಎರಡನೆಯದಾಗಿ, ಹೊಸ ಹಾಳೆಯಲ್ಲಿ ಎಡದಿಂದ ಐದನೆಯ ಕಂಬಸಾಲಿನ ಹತ್ತೂ ಚೌಕಗಳಿಗೆ ಕಪ್ಪು ಹಚ್ಚಿ. ಹೋದದ್ದು ಶೇಕಡ 10. ಒಳಗಾಡು 40ಕ್ಕೆ ಇಳಿದಿದೆ, ಕಾಡು ಎರಡು ತುಂಡಾಗಿದೆ.

ಮೂರನೆಯದಾಗಿ, ಮತ್ತೊಂದು ಹಾಳೆಯಲ್ಲಿ ಚೀಟಿ ಎತ್ತಿ, ಬಂದ ಸಂಖ್ಯೆಯ ಚೌಕಕ್ಕೆ ಕಪ್ಪು ಹಚ್ಚುತ್ತ ಹೋಗಿ. ಪ್ರತಿ ಹತ್ತು ಚೀಟಿಗಳಿಗೊಮ್ಮೆ ನಿಲ್ಲಿಸಿ, ಬಾಹು ತಾಗಿದ ಕಾಡಿನ ಚೌಕಗಳ ಮೇಲೆ ಮಾತ್ರ ಕಾಲಿಟ್ಟು ಎಡ ತುದಿಯಿಂದ ಬಲ ತುದಿಗೆ ಹೋಗಲು ಸಾಧ್ಯವೇ ನೋಡಿ. 10, 20 ಚೌಕಗಳು ಹೋದಾಗ ಸಾಮಾನ್ಯವಾಗಿ ಏನೂ ಆದಂತೆ ಕಾಣುವುದಿಲ್ಲ. ಒಂದು ಹಂತದಲ್ಲಿ ದಾರಿ ತಟ್ಟನೆ ಕಡಿದುಹೋಗುತ್ತದೆ. ಬಹು ದೊಡ್ಡ ಹಾಳೆಯಲ್ಲಿ ಇದು ಸುಮಾರು ಶೇಕಡ 59ರಷ್ಟು ಕಾಡು ಉಳಿದಿರುವಾಗ ಆಗುತ್ತದೆ ಎಂದು ಗಣಿತ ತಿಳಿಸುತ್ತದೆ. ನೂರೇ ಚೌಕಗಳ ಹಾಳೆಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಉತ್ತರ ಬರುತ್ತದೆ. ಎಲ್ಲ ಗುಂಪುಗಳ ಸರಾಸರಿ ತೆಗೆಯಿರಿ.

ಎರಡನೆಯ ಮತ್ತು ಮೂರನೆಯ ಆಟವನ್ನು ಹೋಲಿಸಿದರೆ ಪಾಠ ತಾನಾಗಿ ಹೊರಬರುತ್ತದೆ. ಅಲ್ಲಲ್ಲಿ ಚದುರಿ ಕಡಿದರೆ ಸಂಪರ್ಕ ಕಡಿಯಲು ಸುಮಾರು ನಲವತ್ತು ಚೌಕಗಳು ಬೇಕು. ಒಂದೇ ಗೆರೆಯಲ್ಲಿ ಕಡಿದರೆ ಹತ್ತು ಸಾಕು. ಕುತ್ತಿಗೆಯಂಥ ಜಾಗದಲ್ಲಿ ಒಂದೇ ಸಾಕು.

ಉತ್ತರ ಯಾರ ಕೈಯಲ್ಲಿ?

ಕಾಮಗೆರೆಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ಇಂದಿನ ಉತ್ತರ ಇದು: ಎರಡೂ ಕಾಡುಗಳು ಇನ್ನೂ ಒಂದೇ, ಆದರೆ ಒಂದು ಸಣ್ಣ ಕುತ್ತಿಗೆಯ ಬಲದಿಂದ. ಮುಂದಿನ ಉತ್ತರ ಆ ಕುತ್ತಿಗೆಯ ನೆಲವನ್ನು ಹೇಗೆ ಬಳಸುತ್ತೇವೆ ಎಂಬುದರ ಮೇಲಿದೆ. ಅಲ್ಲಿನ ರೈತರಿಗೆ ನ್ಯಾಯವಾದ ಬೆಲೆ, ಬೆಳೆ ಹಾನಿಗೆ ತಡವಿಲ್ಲದ ಪರಿಹಾರ, ಕಾಡನ್ನು ಹತ್ತಿರದಿಂದ ಬಲ್ಲ ಸೋಲಿಗರ ಸಲಹೆ, ರಸ್ತೆ ಅಗಲಿಸುವ ಮೊದಲು ನಕ್ಷೆಯನ್ನೊಮ್ಮೆ ನೋಡುವ ಅಭ್ಯಾಸ ಇವೆಲ್ಲವೂ ಆ ಉತ್ತರದ ಭಾಗಗಳು.

ನಿಮ್ಮ ಊರಿನ ಸುತ್ತಲೂ ಇಂಥ ಕುತ್ತಿಗೆಯೊಂದು ಇರಬಹುದು. ಅದು ಎರಡು ಗುಡ್ಡಗಳ ನಡುವಣ ಕುರುಚಲು ಇರಬಹುದು, ಹಳ್ಳದ ದಂಡೆಯ ಹೊಂಗೆ ಸಾಲು ಇರಬಹುದು. ಹಳೆಯ ನಕ್ಷೆಯೊಂದನ್ನೂ ಹೊಸ ಬಿಂಬವೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಹುಡುಕಿ. ಸಿಕ್ಕರೆ ಅಲ್ಲಿಗೆ ಒಮ್ಮೆ ನಡೆದುಹೋಗಿ, ಯಾವ ಪ್ರಾಣಿಯ ಹೆಜ್ಜೆಗಳಿವೆ ನೋಡಿ ಬರೆದಿಟ್ಟುಕೊಳ್ಳಿ. ಹತ್ತು ವರ್ಷ ಬಿಟ್ಟು ಅದೇ ದಾರಿಯಲ್ಲಿ ನಡೆಯುವ ಇನ್ನೊಬ್ಬ ವಿದ್ಯಾರ್ಥಿಗೆ ಅದು ಬೇಕಾಗುತ್ತದೆ.